ವಿಂಪ್, ಹೇಡಿ, ಪುಕ್ಕಲ: ಈ ಬೈಗುಳಗಳ ಬೇರು ಎಲ್ಲಿದೆ?

2025ರ ಮೇ 28. ವೈಟ್‌ಹೌಸ್‌ನ ಓವಲ್ ಆಫೀಸಿನಲ್ಲಿ ಒಬ್ಬ ವರದಿಗಾರ್ತಿ ಡೊನಾಲ್ಡ್ ಟ್ರಂಪ್ ಅವರಿಗೆ ಒಂದು ಪ್ರಶ್ನೆ ಕೇಳಿದರು. ವಾಲ್‌ಸ್ಟ್ರೀಟ್‌ನವರು ‘ಟಾಕೊ ಟ್ರೇಡ್’ ಅಂತ ಮಾತಾಡಿಕೊಳ್ಳುತ್ತಿದ್ದಾರೆ, ಅದಕ್ಕೇನಂತೀರಿ? ಟಾಕೊ ಅಂದರೆ ‘ಟ್ರಂಪ್ ಆಲ್ವೇಸ್ ಚಿಕನ್ಸ್ ಔಟ್’ ಅನ್ನುವುದರ ಮೊದಲಕ್ಷರಗಳು. ಟ್ರಂಪ್ ಯಾವಾಗಲೂ ಕೊನೇ ಗಳಿಗೆಯಲ್ಲಿ ಹೆದರಿ ಹಿಂದೆ ಸರಿಯುತ್ತಾರೆ ಅಂತ ಅರ್ಥ. ಫೈನಾನ್ಷಿಯಲ್ ಟೈಮ್ಸ್ ಅಂಕಣಕಾರ ರಾಬರ್ಟ್ ಆರ್ಮ್‌ಸ್ಟ್ರಾಂಗ್ ಅದೇ ತಿಂಗಳ ಆರಂಭದಲ್ಲಿ ಹುಟ್ಟುಹಾಕಿದ ಮಾತು ಅದು. ಏಪ್ರಿಲ್ 2ಕ್ಕೆ ಜಗತ್ತಿನ ಬಹುತೇಕ ದೇಶಗಳ ಮೇಲೆ ಸುಂಕ ಘೋಷಣೆಯಾಗಿತ್ತು. ಷೇರುಪೇಟೆ ಬಿತ್ತು. ಏಪ್ರಿಲ್ 9ಕ್ಕೆ ಅದರಲ್ಲಿ ಹೆಚ್ಚಿನದಕ್ಕೆ 90 ದಿನಗಳ ತಡೆ ಬಂತು. ಪೇಟೆ ಎದ್ದಿತು. ಬಿದ್ದಾಗ ಕೊಳ್ಳಿ, ಅವರು ಹಿಂದೆ ಸರಿದಾಗ ಮಾರಿ, ಇಷ್ಟೇ ಟಾಕೊ ಟ್ರೇಡ್.

ಟ್ರಂಪ್‌ಗೆ ಸಿಟ್ಟು ಬಂತು. ಇದು ಹೆದರಿಕೆಯಲ್ಲ, ಚೌಕಾಸಿ ಅಂದರು. ಇಂಥ ಕೆಟ್ಟ ಪ್ರಶ್ನೆ ಇನ್ನೊಮ್ಮೆ ಕೇಳಬೇಡಿ ಅಂತ ಆಕೆಯನ್ನು ಗದರಿದರು.

ಸುಂಕ ಸರಿಯೋ ತಪ್ಪೋ ಅನ್ನುವುದು ಪಕ್ಕಕ್ಕಿರಲಿ. ಈ ಪದ ಏನು ಮಾಡಿತು ನೋಡಿ. ಒಂದು ನೀತಿಯನ್ನು ಜಾರಿ ಮಾಡಬೇಕೋ ಕೈಬಿಡಬೇಕೋ ಅನ್ನುವುದು ಲೆಕ್ಕಾಚಾರದ ವಿಷಯ. ಹಿಂದೆ ಸರಿಯುವುದೇ ಬುದ್ಧಿವಂತಿಕೆ ಆಗಿರಲೂಬಹುದು. ಆದರೆ ಅದಕ್ಕೆ ‘ಕೋಳಿ’ (ಇಂಗ್ಲಿಷಿನಲ್ಲಿ ‘ಚಿಕನ್’ ಅಂದರೆ ಹೇಡಿ ಅಂತಲೂ ಅರ್ಥ) ಅಂತ ಹೆಸರಿಟ್ಟ ಕೂಡಲೇ ಮಾತು ಬೇರೆ ಕಡೆ ಹೋಯಿತು. ಈಗ ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ.

ಇದಕ್ಕೆ ಹೆಸರೇ ಇದೆ, ಕೋಳಿಯಾಟ. ಇಬ್ಬರು ಕಾರು ಹತ್ತಿ ಎದುರುಬದುರು ನುಗ್ಗುತ್ತಾರೆ. ಮೊದಲು ಪಕ್ಕಕ್ಕೆ ತಿರುಗಿಸಿದವನು ಕೋಳಿ. ಇಬ್ಬರೂ ತಿರುಗಿಸದಿದ್ದರೆ ಇಬ್ಬರೂ ಹೆಣ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಅಣ್ವಸ್ತ್ರ ಪೈಪೋಟಿ ಥೇಟ್ ಇದೇ ಆಟ ಅಂತ 1959ರಲ್ಲಿ ಬರ್ಟ್ರಂಡ್ ರಸೆಲ್ ಬರೆದರು. ಪೋಲಿ ಹುಡುಗರು ಆಡಿದರೆ ಛೀ ಅಂತೇವೆ, ಅದನ್ನೇ ದೊಡ್ಡ ದೊಡ್ಡ ನಾಯಕರು ಆಡಿದರೆ ರಾಜತಂತ್ರ ಅಂತೇವೆ ಅನ್ನುವುದು ಅವರ ಕುಟುಕು. ಆ ಆಟದಲ್ಲಿ ಕಾರಿನ ಎಂಜಿನ್‌ಗಿಂತ ಜಾಸ್ತಿ ಕೆಲಸ ಮಾಡುವುದು ಆ ಒಂದು ಪದ. ಅದಿಲ್ಲದಿದ್ದರೆ ಯಾರಾದರೂ ತಲೆ ಸರಿಯಿದ್ದವರು ಸ್ಟೀರಿಂಗ್ ತಿರುಗಿಸದೆ ಇರ್ತಾರಾ?

ಕೋಳಿಗೆ ಇಂಗ್ಲಿಷಿನಲ್ಲಿ ಒಬ್ಬ ದಾಯಾದಿ ಇದ್ದಾನೆ. ಅವನೇ ವಿಂಪ್. ಮಕ್ಕಳ ಕಾಮಿಕ್ ಪುಸ್ತಕಗಳ ದೆಸೆಯಿಂದ ‘ವಿಂಪಿ’ ಅನ್ನುವುದು ಈಗ ಶಾಲೆಗೆ ಹೋಗುವ ಹುಡುಗರಿಗೂ ಗೊತ್ತು. ಇದಕ್ಕೆ ಕನ್ನಡದಲ್ಲಿ ಒಂದೇ ಪದ ಹೇಳಿ ಅಂದರೆ ಕಷ್ಟ. ಪುಕ್ಕಲ ಅಂದರೆ ಹೆದರಿಕೆ ಮಾತ್ರ ಬಂತು. ನರಪೇತಲ ಅಂದರೆ ಬಡಕಲು ಮೈ ಮಾತ್ರ ಬಂತು. ಪುಕ್ಕಲನನ್ನೂ ನರಪೇತಲ ನಾರಾಯಣನನ್ನೂ ಒಂದೇ ಅಂಗಿಯೊಳಗೆ ತುರುಕಿದರೆ ಸಿಗುವವನೇ ವಿಂಪ್. ಅವನಿಗೆ ಮೈಬಲವೂ ಇಲ್ಲ, ಎದೆಗಾರಿಕೆಯೂ ಇಲ್ಲ. ಯಾರಾದರೂ ಸ್ವಲ್ಪ ಜೋರು ಮಾಡಿದರೆ ಸಾಕು, ‘ಆಯ್ತು ಬಿಡಿ’ ಅಂತಾನೆ.

ಪದ ಎಲ್ಲಿಂದ ಬಂತು? ಹತ್ತು ಜನರನ್ನು ಕೇಳಿದರೆ ಒಂದಿಬ್ಬರಾದರೂ ‘ಪಾಪಾಯ್ ಕಾರ್ಟೂನಿನ ವಿಂಪಿಯಿಂದ’ ಅಂತಾರೆ. ಕೇಳೋಕೆ ಚೆನ್ನಾಗಿದೆ. ದುಂಡು ಹೊಟ್ಟೆ, ತಲೆಗೊಂದು ಹ್ಯಾಟು, ಮೆದು ಮಾತು, ಕೈಯಲ್ಲಿ ಹ್ಯಾಂಬರ್ಗರ್. ಇವತ್ತು ಬರ್ಗರ್ ಕೊಡಿಸಿ, ಮಂಗಳವಾರ ದುಡ್ಡು ಕೊಡ್ತೀನಿ ಅಂತ ಎಲ್ಲರ ಹತ್ತಿರ ಗಿಟ್ಟಿಸುವ ಆಸಾಮಿ. ಆದರೆ ತಾರೀಖು ಹೊಂದುವುದಿಲ್ಲ. ಆ ವಿಂಪಿ ಇ. ಸಿ. ಸೀಗರ್ ಅವರ ಚಿತ್ರಪಟ್ಟಿಗೆ ಬಂದದ್ದು 1931ರಲ್ಲಿ. ‘ವಿಂಪ್’ ಅದಕ್ಕೂ ಮೊದಲೇ, 1920ರಲ್ಲೇ ಅಮೆರಿಕದ ಹಾಸ್ಯ ಲೇಖಕ ಜಾರ್ಜ್ ಏಡ್ ಬರಹದಲ್ಲಿ ಅಚ್ಚಾಗಿದೆ. ಅಲ್ಲಿ ಅವನು ಮುಖ ಬಾಡಿಸಿಕೊಂಡ ಒಬ್ಬ ‘ವಿಂಪ್’. ಹಾಗಾಗಿ ಮಗನೇ ಅಪ್ಪನಿಗಿಂತ ದೊಡ್ಡವನಾದ. ಕಾರ್ಟೂನು ಪದವನ್ನು ಮೆರೆಸಿರಬಹುದು, ಹೆತ್ತಿದ್ದಲ್ಲ. ಅಂದಹಾಗೆ ಅದೇ ವಿಂಪಿಯ ಹೆಸರಲ್ಲಿ ಅಮೆರಿಕದಲ್ಲಿ ಬರ್ಗರ್ ಅಂಗಡಿಗಳು ಶುರುವಾಗಿ, 1954ರಲ್ಲಿ ಲಂಡನ್ನಿಗೂ ಬಂದವು. ‘ಹೇಡಿ ಹೋಟೆಲ್’ ಅಂತ ಬೋರ್ಡು ಹಾಕಿದ ಹಾಗೆ ಯಾರಿಗೂ ಅನ್ನಿಸಲಿಲ್ಲ. ಬೈಗುಳವಾಗಿ ಪದ ಚಲಾವಣೆಗೆ ಬಂದದ್ದು 1960ರ ನಂತರ.

ನಿಘಂಟಿನವರು ಹೆಚ್ಚಾಗಿ ತೋರಿಸುವುದು ‘ವಿಂಪರ್’ ಅನ್ನುವ ಕ್ರಿಯಾಪದವನ್ನು. ಅಂದರೆ ಕುಂಯ್‌ಗುಟ್ಟು, ಮುಲುಗು. ಅದನ್ನು ಮೊಟಕು ಮಾಡಿದರೆ ವಿಂಪ್. ಇನ್ನೊಂದು ಜಾಡೂ ಇದೆ, ನನಗೆ ಜಾಸ್ತಿ ಕುತೂಹಲ ಅದರ ಮೇಲೆ. 1909ರ ಹೊತ್ತಿಗೆ ಕೇಂಬ್ರಿಡ್ಜ್ ವಿದ್ಯಾರ್ಥಿಗಳ ಆಡುಮಾತಿನಲ್ಲಿ ವಿಂಪ್ ಅಂದರೆ ಹುಡುಗಿ. ಎರಡೂ ಒಂದೇ ಪದವೋ, ಕಾಕತಾಳೀಯವೋ, ಅದು ಬೇರೆ. ಆದರೆ ಈ ‘ಹುಡುಗಿ’ ಮುಂದೆ ಮತ್ತೆ ಮತ್ತೆ ಬರುತ್ತಾಳೆ, ನೆನಪಿಟ್ಟುಕೊಳ್ಳಿ.

ವಿಜ್ಞಾನಿಗಳು ಈ ಪದದ ಜೊತೆ ಆಟ ಆಡಿದ್ದಾರೆ. ವಿಶ್ವದ ಕಪ್ಪು ದ್ರವ್ಯ ಯಾವುದರಿಂದ ಆಗಿದೆ ಅನ್ನುವ ಚರ್ಚೆಯಲ್ಲಿ, ಯಾವುದರ ಜೊತೆಗೂ ಹೆಚ್ಚು ತಂಟೆಗೆ ಹೋಗದ ಭಾರದ ಕಣಗಳಿಗೆ 1980ರ ದಶಕದಲ್ಲಿ ವಿಂಪ್ ಅಂತ ಹೆಸರಿಟ್ಟರು. ಅದಕ್ಕೆ ಎದುರಾಗಿ ಇನ್ನೊಂದು ವಾದ ಬಂದಾಗ, ಅದರಲ್ಲಿ ಹೇಳಿದ ಕಾಯಗಳಿಗೆ ಬೇಕೆಂದೇ ಮ್ಯಾಚೊ ಅಂತ ಹೆಸರು ಕೊಟ್ಟರು. ಮ್ಯಾಚೊ ಅಂದರೆ ಗಂಡೆದೆಯವನು.

ಈ ಪದದ ನಿಜವಾದ ತಾಕತ್ತು ಕಂಡದ್ದು ಮಾತ್ರ 1987ರಲ್ಲಿ. ಜಾರ್ಜ್ ಎಚ್. ಡಬ್ಲ್ಯು. ಬುಷ್ ಆಗ ಅಮೆರಿಕದ ಉಪಾಧ್ಯಕ್ಷ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಅಂತ ಘೋಷಿಸಿದರು. ಅದೇ ವಾರ ನ್ಯೂಸ್‌ವೀಕ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ದೋಣಿ ಓಡಿಸುತ್ತಿದ್ದಾರೆ, ಗಾಳಿಗೆ ಮುಖ ಕೊಟ್ಟಿದ್ದಾರೆ, ಥೇಟ್ ಹೀರೋ. ಚಿತ್ರದ ಜೊತೆಗಿದ್ದ ತಲೆಬರಹದಲ್ಲಿ ಮಾತ್ರ, ಬುಷ್ ಎದುರಿಸಬೇಕಾದದ್ದು ‘ವಿಂಪ್ ಫ್ಯಾಕ್ಟರ್’ ಅಂತ.

ಈ ‘ವಿಂಪ್’ ಯಾರು? ಹದಿನೆಂಟು ತುಂಬಿದ ದಿನವೇ ನೌಕಾಪಡೆಗೆ ಸೇರಿದವರು. ಎರಡನೇ ಮಹಾಯುದ್ಧದಲ್ಲಿ 58 ಸಲ ಯುದ್ಧವಿಮಾನ ಹಾರಿಸಿದವರು. 1944ರ ಸೆಪ್ಟೆಂಬರ್ 2ರಂದು ಜಪಾನಿನ ಚಿಚಿಜಿಮಾ ದ್ವೀಪದ ಮೇಲೆ ಅವರ ವಿಮಾನಕ್ಕೆ ಗುಂಡು ತಗುಲಿ ಬೆಂಕಿ ಹತ್ತಿತು. ಬಾಂಬು ಹಾಕುವುದನ್ನು ಮುಗಿಸಿ ಆಮೇಲೆ ಧುಮುಕಿದರು. ಜೊತೆಗಿದ್ದ ಇಬ್ಬರೂ ಉಳಿಯಲಿಲ್ಲ. ಇಪ್ಪತ್ತರ ಹುಡುಗ ತಲೆಯಿಂದ ರಕ್ತ ಸುರಿಸಿಕೊಂಡು, ಕುಡಿದ ಸಮುದ್ರದ ನೀರನ್ನು ಕಕ್ಕುತ್ತಾ, ಪುಟ್ಟ ರಬ್ಬರ್ ತೆಪ್ಪದಲ್ಲಿ ಕೈಯನ್ನೇ ಹುಟ್ಟು ಮಾಡಿಕೊಂಡು ದ್ವೀಪದಿಂದ ದೂರ ಹೋಗಲು ಒದ್ದಾಡಿದ. ಅಲೆ ಅವನನ್ನು ಶತ್ರುವಿನ ಕಡೆಗೇ ತಳ್ಳುತ್ತಿತ್ತು. ಕೆಲವು ಗಂಟೆಗಳ ನಂತರ ಫಿನ್‌ಬ್ಯಾಕ್ ಅನ್ನುವ ಅಮೆರಿಕದ ಜಲಾಂತರ್ಗಾಮಿ ನೀರಿನಿಂದ ಮೇಲೆದ್ದು ಎತ್ತಿಕೊಂಡಿತು. ಶೌರ್ಯ ಪದಕ ಬಂತು. ಮುಂದೆ ಇವರೇ ಸಿಐಎ ಮುಖ್ಯಸ್ಥರೂ ಆದರು.

ಇಂಥವರಿಗೆ ಪುಕ್ಕಲ ಅನ್ನುವುದು ಹೇಗೆ? ಹೇಗೆಂದರೆ, ಅವರ ದನಿ ತೆಳು. ಶ್ರೀಮಂತ ಮನೆತನದ ನಯವಾದ ನಡವಳಿಕೆ. ಆಗಿನ ಅಧ್ಯಕ್ಷ, ಹಿಂದೆ ಸಿನಿಮಾ ನಟರಾಗಿದ್ದ ರೊನಾಲ್ಡ್ ರೇಗನ್ ಪಕ್ಕದಲ್ಲಿ ವರ್ಷಗಟ್ಟಲೆ ತಲೆಯಾಡಿಸಿಕೊಂಡು ನಿಂತಿದ್ದವರು. ರೇಗನ್ ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದರೂ ದೇಶ ಬಿಟ್ಟು ಹೋಗಿರಲಿಲ್ಲ, ಕೆಲಸ ಮಾಡಿದ್ದು ಸೇನೆಯ ಚಲನಚಿತ್ರ ಘಟಕದಲ್ಲಿ. ಆದರೆ ತೆರೆಯ ಮೇಲೆ ಕುದುರೆ ಹತ್ತಿದ್ದರು, ಭುಜ ಅಗಲ ಇತ್ತು. ಅವರನ್ನು ಯಾರೂ ವಿಂಪ್ ಅನ್ನಲಿಲ್ಲ. ಈ ಪದ ಎದೆಯೊಳಗಿನ ಭಯವನ್ನು ಅಳೆಯುವುದೇ ಇಲ್ಲ, ನೋಡುವವರ ಕಣ್ಣಿಗೆ ಹೇಗೆ ಕಂಡೆ ಅನ್ನುವುದನ್ನು ಅಳೆಯುತ್ತದೆ. ನನಗೆ ಇಲ್ಲಿ ಹೇಳಬೇಕಾಗಿರುವುದು ಹೆಚ್ಚುಕಡಿಮೆ ಇಷ್ಟೇ.

ಬುಷ್ ಅವರಿಗೂ ಇದು ಅರ್ಥವಾಗಿತ್ತು ಅಂತ ಕಾಣುತ್ತದೆ. 1988ರ ಜನವರಿಯಲ್ಲಿ ಟಿವಿ ನೇರಪ್ರಸಾರದಲ್ಲಿ ಸುದ್ದಿವಾಚಕ ಡ್ಯಾನ್ ರಾದರ್ ಜೊತೆ ಒಂಬತ್ತು ನಿಮಿಷ ಜಗಳವಾಡಿದರು. ಇರಾನಿಗೆ ಗುಟ್ಟಾಗಿ ಆಯುಧ ಮಾರಿದ ಹಗರಣದ ಪ್ರಶ್ನೆಗೆ ಉತ್ತರ ಸಿಕ್ಕಿತೋ ಇಲ್ಲವೋ, ‘ಪರವಾಗಿಲ್ಲ, ಗಂಡಸು’ ಅನ್ನುವ ಮಾತು ಸಿಕ್ಕಿತು. ಯುದ್ಧವಿಮಾನದಿಂದ ಸಿಗದ ಸರ್ಟಿಫಿಕೇಟು ಟಿವಿ ಜಗಳದಿಂದ ಸಿಕ್ಕಿತು. ನವೆಂಬರ್‌ನಲ್ಲಿ 40 ರಾಜ್ಯ ಗೆದ್ದರು. ಅದೇ ನ್ಯೂಸ್‌ವೀಕ್ 2012ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಮಿಟ್ ರಾಮ್ನಿ ಮುಖಕ್ಕೂ ಇದೇ ಲೇಬಲ್ ಅಂಟಿಸಿತು.

ವಿಂಪ್‌ಗೆ ಪಾಪಾಯ್ ಕಥೆ ಅಂಟಿಕೊಂಡ ಹಾಗೆ, ಇನ್ನೊಂದು ಪದಕ್ಕೂ ಇಂಟರ್‌ನೆಟ್‌ನಲ್ಲಿ ಒಂದು ಕಥೆ ಓಡಾಡುತ್ತದೆ. ಹೇಡಿಗೆ ‘ಪುಸ್ಸಿ’ ಅನ್ನುವುದು ಅಶ್ಲೀಲವಲ್ಲವಂತೆ, ‘ಪ್ಯೂಸಿಲ್ಯಾನಿಮಸ್’ ಅನ್ನುವ ಗೌರವಸ್ಥ ಲ್ಯಾಟಿನ್ ಪದದ ಮೊಟಕು ರೂಪವಂತೆ. ಪ್ಯೂಸಿಲ್ಯಾನಿಮಸ್‌ಗೆ ಪುಟ್ಟ ಎದೆಯವನು ಅನ್ನುವ ಅರ್ಥ ಇರುವುದು ನಿಜ. ಆದರೆ ಇವೆರಡಕ್ಕೂ ಸಂಬಂಧ ಇಲ್ಲ. ‘ಪುಸ್’ ಅಂದರೆ 16ನೇ ಶತಮಾನದಿಂದಲೂ ಬೆಕ್ಕು. ಅದೇ ಶತಮಾನದಲ್ಲಿ ಮುದ್ದಿನಿಂದ ಹುಡುಗಿಗೂ ಅಂದರು. ಮುಂದೆ ಹೆಣ್ಣಿನ ಅಂಗಕ್ಕೂ ಆಯಿತು. 20ನೇ ಶತಮಾನದ ಆರಂಭದಲ್ಲಿ ‘ಹೆಣ್ಣಿಗ’ ಅನ್ನಿಸಿಕೊಂಡ ಗಂಡಸಿಗೆ ಬಂತು, ಅಲ್ಲಿಂದ ಹೇಡಿಗೆ. ಲ್ಯಾಟಿನ್ ಕಥೆ ಯಾಕೆ ಅಷ್ಟು ಓಡಿತು ಅಂದರೆ, ಬೈಯುವವನಿಗೆ ಅದು ಅನುಕೂಲ. ‘ನಾನು ಹೆಂಗಸರನ್ನು ಹೀಯಾಳಿಸುತ್ತಿಲ್ಲಪ್ಪ, ಲ್ಯಾಟಿನ್ ಮಾತಾಡ್ತಿದ್ದೀನಿ’ ಅನ್ನಬಹುದಲ್ಲ!

ಹೇಡಿಯನ್ನು ಬೈಯಲು ಪ್ರಾಣಿಗಳನ್ನು ಕರೆತರುವುದು ಹಳೇ ಚಾಳಿ. ‘ಕವರ್ಡ್’ ಪದವನ್ನೇ ನೋಡಿ. ಹಳೆಯ ಫ್ರೆಂಚಿನ ‘ಕೊಆರ್’ನಿಂದ ಬಂದದ್ದು, ಅದರೊಳಗೆ ಇರುವುದು ಬಾಲ. ಲ್ಯಾಟಿನ್ನಿನಲ್ಲಿ ‘ಕೌಡಾ’ ಅಂದರೆ ಬಾಲ. ಫ್ರೆಂಚರ ಹಳೇ ನರಿ ಕಥೆಗಳಲ್ಲಿ ಮೊಲದ ಹೆಸರೂ ಅದೇ. ನಾವೂ ‘ಬಾಲ ಮುದುರಿಕೊಂಡು ಓಡಿದ’ ಅಂತೇವೆ. ಫ್ರೆಂಚರಿಂದ ನಾವು ಕಲಿತದ್ದಲ್ಲ, ಇಬ್ಬರೂ ನಾಯಿಯನ್ನು ನೋಡಿ ಕಲಿತದ್ದು.

ಈಗಿನ ಹುಡುಗರು ಸೋಷಿಯಲ್ ಮೀಡಿಯಾದಲ್ಲಿ ವಿಂಪ್ ಅನ್ನುವುದು ಕಡಿಮೆ. ‘ಬೀಟಾ’ ಅಂತಾರೆ. ಇದು ತೋಳ. ಗುಂಪಿನ ಯಜಮಾನ ತೋಳ ಆಲ್ಫಾ, ಅದಕ್ಕೆ ಬಗ್ಗುವುದು ಬೀಟಾ. ಈ ಕಲ್ಪನೆ ಬೆಳೆದದ್ದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ ಅಧ್ಯಯನದಿಂದ. ಅವರು ನೋಡಿದ್ದು ಬೋನಿನಲ್ಲಿ ಕೂಡಿಟ್ಟ ತೋಳಗಳನ್ನು. 1970ರಲ್ಲಿ ತೋಳಗಳ ಸಂಶೋಧಕ ಡೇವಿಡ್ ಮೆಕ್ ತಮ್ಮ ಪುಸ್ತಕದಲ್ಲಿ ಇದನ್ನು ಜನಪ್ರಿಯ ಮಾಡಿದರು. ಆಮೇಲೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆ ಮೇಲೆ ಬೇಸಿಗೆ ಕಾಡುತೋಳಗಳ ಜೊತೆ ಕಳೆದಾಗ ಅವರಿಗೇ ಕಂಡದ್ದು ಬೇರೆ. ಕಾಡಿನಲ್ಲಿ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ‘ಆಲ್ಫಾ’ ಅಂದರೆ ಅಪ್ಪ ಅಮ್ಮ, ಅಷ್ಟೇ. 1999ರಲ್ಲಿ ತಮ್ಮ ಮಾತನ್ನು ತಾವೇ ತಿದ್ದಿ ಪ್ರಬಂಧ ಬರೆದರು. ಹಾಗಾದರೆ ಬೀಟಾ ಅಂತ ಬೈಸಿಕೊಂಡವನು ಯಾರು? ಮನೆಯ ಮಗು.

ಪ್ರಾಣಿ ಇಲ್ಲದಿದ್ದರೆ ಹೆಂಗಸು. ‘ಸಿಸ್ಸಿ’ ಬಂದದ್ದು ಸಿಸ್ಟರ್‌ನಿಂದ. 1970ರ ದಶಕದಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಹುಟ್ಟಿದ ‘ವುಸ್’ನಲ್ಲಿ ವಿಂಪ್‌ನ ತಲೆ, ಆಗಲೇ ಹೇಳಿದ ಬೆಕ್ಕಿನ ಬಾಲ ಎರಡೂ ಕಾಣುತ್ತವೆ. ಇಂಗ್ಲಿಷಿನವರನ್ನೇ ದೂರಬೇಡಿ. ‘ಬಳೆ ತೊಟ್ಟುಕೊಂಡು ಕೂತಿದ್ದೀಯಾ’ ಅನ್ನುವವರು ನಾವು. ‘ನಾಮರ್ದ’ ಅನ್ನುವುದು ಪಾರ್ಸಿಯಿಂದ ಬಂದದ್ದು, ಮರ್ದ್ ಅಲ್ಲದವನು, ಗಂಡಸಲ್ಲದವನು.

ಇನ್ನು ‘ಹೇಡಿ’. ನೋಡಲು ಎಷ್ಟು ಪಾಪದ ಪದ ಅಲ್ವಾ? ಅದರ ಹಳೆಯ ರೂಪ ‘ಪೇಡಿ’. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೆಣ್ ಹೆಣ್ಣಾಯಿತು. ಪೇಡಿ ಹೇಡಿಯಾಯಿತು. ತಮಿಳಿನಲ್ಲಿ ಇವತ್ತಿಗೂ ಪೇಡಿ ಅಂದರೆ ಹೇಡಿಯೂ ಹೌದು, ಗಂಡೂ ಹೆಣ್ಣೂ ಅಲ್ಲದವರೂ ಹೌದು. ಮಲಯಾಳದಲ್ಲಿ ಬೈಗುಳ ಉದುರಿ ಬರೀ ಭಯ ಉಳಿದಿದೆ. ಅಲ್ಲಿ ಪೇಡಿ ಅಂದರೆ ಹೆದರಿಕೆ. ಕನ್ನಡದಲ್ಲಿ ಉಳಿದದ್ದು ಹೆದರುವವನು. ಸಂಸ್ಕೃತದ್ದೂ ಇದೇ ಹಾದಿ. ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲಿ ಬಿಲ್ಲು ಕೆಳಗಿಟ್ಟ ಅರ್ಜುನನಿಗೆ ಕೃಷ್ಣ ಮೊದಲು ಹೇಳುವ ಮಾತುಗಳಲ್ಲಿ ‘ಕ್ಲೈಬ್ಯಂ ಮಾ ಸ್ಮ ಗಮಃ ಪಾರ್ಥ’ ಒಂದು. ಕ್ಲೈಬ್ಯ ಅಂದರೆ ನಪುಂಸಕತನ. ಅನುವಾದಗಳಲ್ಲಿ ಅದನ್ನು ಎಷ್ಟೋ ಸಲ ‘ದೌರ್ಬಲ್ಯ’ ಅಂತ ಮೆದುಗೊಳಿಸುತ್ತಾರೆ.

ತಮಾಷೆ ಅಂದರೆ, ಈ ಮಾತು ಕೇಳಿಸಿಕೊಂಡ ಅರ್ಜುನ ಅದಕ್ಕೆ ಸ್ವಲ್ಪ ಮೊದಲು ಒಂದು ವರ್ಷ ಬೃಹನ್ನಳೆಯಾಗಿ ಬದುಕಿದ್ದ. ವಿರಾಟನ ಅಂತಃಪುರದಲ್ಲಿ ನಾಟ್ಯ ಕಲಿಸುತ್ತಿದ್ದ. ಆಗ ಹೆಂಗಸರ ಮುಂದೆ ಕೌರವರನ್ನು ಹಾಗೆ ಮಾಡ್ತೀನಿ ಹೀಗೆ ಮಾಡ್ತೀನಿ ಅಂತ ಕೊಚ್ಚಿಕೊಂಡವನು ರಾಜಕುಮಾರ ಉತ್ತರ. ಸೈನ್ಯ ಕಂಡದ್ದೇ ತಡ, ರಥದಿಂದ ಹಾರಿ ಓಟ ಕಿತ್ತ. ಜಡೆ ಹಾರಿಸಿಕೊಂಡು ಅಟ್ಟಿಸಿಕೊಂಡು ಹೋಗಿ ಹಿಡಿದು ತಂದವಳು ಬೃಹನ್ನಳೆ. ‘ಉತ್ತರನ ಪೌರುಷ ಒಲೆ ಮುಂದೆ’ ಅನ್ನುವ ಗಾದೆ ಹುಟ್ಟಿದ್ದು ಅಲ್ಲಿಂದ. ಪೇಡಿ ಅಂತ ಯಾರನ್ನು ಕರೆಯುತ್ತಿದ್ದರೋ ಆಕೆ ಯುದ್ಧ ಗೆದ್ದಳು, ಹೇಡಿ ಮಾತ್ರ ಮೀಸೆಯವನು. ಕಥೆಗೆ ಇದು ಗೊತ್ತಿದೆ. ಪದಕ್ಕೆ ಗೊತ್ತಾಗಲಿಲ್ಲ.

ಪದಕ್ಕಿಂತ ಮುಂದೆ ಹೋಗಿ ವಸ್ತುವನ್ನೇ ಕೈಗಿಟ್ಟವರೂ ಇದ್ದಾರೆ. ಮೊದಲನೇ ಮಹಾಯುದ್ಧ ಶುರುವಾದ 1914ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ಚಾರ್ಲ್ಸ್ ಪೆನ್ರೋಸ್ ಫಿಟ್ಜ್‌ಜೆರಾಲ್ಡ್ ಅನ್ನುವ ನಿವೃತ್ತ ನೌಕಾಧಿಕಾರಿ ಮೂವತ್ತು ಹೆಂಗಸರನ್ನು ಸೇರಿಸಿದರು. ಸಮವಸ್ತ್ರ ಇಲ್ಲದ ಗಂಡಸು ಕಂಡರೆ ಅವನಿಗೊಂದು ಬಿಳಿ ಪುಕ್ಕ ಕೊಡುವುದು ಅವರ ಕೆಲಸ. ಅದು ಕೋಳಿ ಅಂಕದ ನಂಬಿಕೆ. ಬಾಲದಲ್ಲಿ ಬಿಳಿ ಗರಿಯಿದ್ದ ಹುಂಜ ಶುದ್ಧ ತಳಿಯದಲ್ಲ, ಕಾದಾಡುವುದಿಲ್ಲ ಅಂತ. ಈ ಚಾಳಿ ದೇಶದ ತುಂಬ ಹಬ್ಬಿತು. ರಜೆಯಲ್ಲಿ ಬಂದ ಸೈನಿಕರಿಗೂ ಪುಕ್ಕ ಸಿಕ್ಕಿತು. ಟರ್ಕಿಯ ಗಲಿಪೊಲಿ ಕದನದಲ್ಲಿ ಮೈತುಂಬ ಗಾಯ ಮಾಡಿಕೊಂಡು ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ನಾವಿಕ ಜಾರ್ಜ್ ಸ್ಯಾಮ್ಸನ್, ತನ್ನ ಸನ್ಮಾನಕ್ಕೇ ಸಾದಾ ಬಟ್ಟೆಯಲ್ಲಿ ಹೊರಟಾಗ ಅವರ ಕೈಗೂ ಒಂದು ಪುಕ್ಕ ಬಂತು. ಗಾಯಗೊಂಡು ಬಿಡುಗಡೆಯಾದವರು ‘ನಾನು ಹೋಗಿ ಬಂದವನು’ ಅಂತ ತೋರಿಸಿಕೊಳ್ಳಲಿ ಅಂತ 1916ರಲ್ಲಿ ಸರ್ಕಾರ ಬೆಳ್ಳಿಯ ಬ್ಯಾಡ್ಜ್ ಹಂಚಬೇಕಾಯಿತು. ಬುಷ್ ಕಥೆಯೇ ಇದು. ಒಳಗೇನಿದೆ ಅನ್ನುವುದು ಯಾರಿಗೂ ಬೇಡ, ಬಟ್ಟೆ ನೋಡಿದರೆ ಸಾಕು.

ಇಲ್ಲಿ ನನಗೊಂದು ಆಸೆ ಹುಟ್ಟುತ್ತದೆ. ಬಿಳಿ ಪುಕ್ಕ ಕೊಟ್ಟರೆ ಪುಕ್ಕಲ! ನಮ್ಮ ‘ಪುಕ್ಕಲು’ ಬಂದದ್ದು ಇದರಿಂದಲೇ ಅಂತ ನಾಳೆ ಒಂದು ರೀಲ್ ಮಾಡಿ ಹಾಕಿದರೆ ಸಂಜೆಯೊಳಗೆ ಊರೆಲ್ಲ ನಂಬುತ್ತದೆ. ಅದು ಸುಮ್ನೆ ಸುಳ್ಳು. ಇಂಗ್ಲಿಷರ ಹುಂಜಕ್ಕೂ ಕನ್ನಡದ ಪದಕ್ಕೂ ನಂಟಿಲ್ಲ. ಪಾಪಾಯ್ ಕಥೆ, ಲ್ಯಾಟಿನ್ ಕಥೆ ಹುಟ್ಟುವುದೂ ಹೀಗೇ. ಎರಡು ಸದ್ದು ಹೊಂದಿದರೆ ಸಾಕು, ಉಳಿದದ್ದನ್ನು ನಾಲಿಗೆ ಹೆಣೆಯುತ್ತದೆ.

ಪುಕ್ಕ ಸಿಕ್ಕವರದು ಅವಮಾನಕ್ಕೆ ಮುಗಿಯಿತು. ಹ್ಯಾರಿ ಫಾರ್ ಅವರದು ಹಾಗಾಗಲಿಲ್ಲ. ಬ್ರಿಟಿಷ್ ಸೇನೆಯ ಸಾಮಾನ್ಯ ಸೈನಿಕ, ವಯಸ್ಸು 25. ಷೆಲ್ ಸಿಡಿತದ ಆಘಾತದಿಂದ 1915ರಲ್ಲಿ ಐದು ತಿಂಗಳು ಆಸ್ಪತ್ರೆಯಲ್ಲಿದ್ದರು. 1916ರ ಸೆಪ್ಟೆಂಬರ್‌ನಲ್ಲಿ ಸೋಮ್ ಕದನದ ನಡುವೆ, ಮುಂಚೂಣಿಗೆ ಹೋಗಲಾರೆ, ತಡೆಯಲಾಗುತ್ತಿಲ್ಲ ಅಂದರು. ಸಾರ್ಜೆಂಟ್ ಮೇಜರ್ ಹೊಲಸು ಮಾತು ಸೇರಿಸಿ ಹೇಡಿ ಅಂತ ಬೈದು, ಗುಂಡು ಹಾಕಿಸ್ತೀನಿ ಅಂದರಂತೆ. ಹಾಗಂತ ಫಾರ್ ಸೇನಾ ನ್ಯಾಯಾಲಯದ ಮುಂದೆ ಹೇಳಿದರು. ಅವರ ಪರ ಮಾತಾಡಲು ಯಾರೂ ಇರಲಿಲ್ಲ. ವಿಚಾರಣೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅಕ್ಟೋಬರ್‌ನ ಒಂದು ಬೆಳಗಿನ ಜಾವ ಕಣ್ಣಿಗೆ ಬಟ್ಟೆ ಬೇಡ ಅಂದರು. ಗುಂಡು ಹಾರಿಸಿದ್ದು ಅವರದೇ ಕಡೆಯ ಸೈನಿಕರು.

ಅವರ ಹೆಂಡತಿ ಈ ವಿಷಯವನ್ನು ಎಷ್ಟೋ ವರ್ಷ ಯಾರ ಹತ್ತಿರವೂ ಬಾಯಿಬಿಡಲಿಲ್ಲ, ಮಗಳ ಹತ್ತಿರವೂ. ತಿಳಿದ ಮೇಲೆ ಮಗಳು ಗರ್ಟಿ ಹ್ಯಾರಿಸ್ ಬಿಡಲಿಲ್ಲ. 2006ರಲ್ಲಿ, ಅವರಿಗೆ 93 ವರ್ಷವಾಗಿದ್ದಾಗ, ಫಾರ್ ಅವರೂ ಸೇರಿ ಹೀಗೆ ಕೊಲ್ಲಲ್ಪಟ್ಟ 306 ಸೈನಿಕರಿಗೆ ಬ್ರಿಟಿಷ್ ಸಂಸತ್ತು ಕ್ಷಮೆ ಕೊಟ್ಟಿತು. ಅದೇ ಕಾಯ್ದೆಯಲ್ಲಿ ಇನ್ನೊಂದು ಸಾಲೂ ಇದೆ. ಈ ಕ್ಷಮೆಯಿಂದ ಹಳೆಯ ತೀರ್ಪಿಗಾಗಲಿ, ಶಿಕ್ಷೆಗಾಗಲಿ ಯಾವ ಬಾಧೆಯೂ ಇಲ್ಲ ಅಂತ. ಹಾಗಾಗಿ 1916ರ ಆ ಕಡತದಲ್ಲಿ ಹ್ಯಾರಿ ಫಾರ್ ಹೆಸರಿನ ಮುಂದೆ ಬರೆದಿರುವ ಅಪರಾಧ ಈಗಲೂ ‘ಹೇಡಿತನ’ವೇ.